ಅಕ್ಕಿ ಸಿಡಿಯುವ ಹೊತ್ತು

ಸ್ವೀಡನ್ನಿನ ಲುಂಡ್ ಪಟ್ಟಣಕ್ಕೆ ಬಂದು ಮೂರು ವರ್ಷವಾಯಿತು. ದಾವಣಗೆರೆಗೆ ಫೋನು ಮಾಡಿದಾಗಲೆಲ್ಲ ದೊಡ್ಡಪ್ಪನದು ಒಂದೇ ಪ್ರಶ್ನೆ: "ಅಲ್ಲಿ ನೀನು ಮಾಡುವ ಕೆಲಸವಾದರೂ ಏನು?" ಲೇಸರ್ ಎಂದರೆ ಅವರಿಗೆ ಕಣ್ಣಿನ ಡಾಕ್ಟರು ನೆನಪಾಗುತ್ತಾರೆ. ಎಲೆಕ್ಟ್ರಾನ್ ಎಂದರೆ ಮನೆಯ ಯುಪಿಎಸ್ ಕೆಟ್ಟಿರುವುದು ನೆನಪಾಗುತ್ತದೆ. ಸರಿಯಾದ ಉತ್ತರ ನನಗೆ ಹೊಳೆದದ್ದು ಕಳೆದ ರಜೆಯಲ್ಲಿ, ಅವರ ಮಂಡಕ್ಕಿ ಭಟ್ಟಿಯ ಮುಂದೆ ಬೆವರುತ್ತ ನಿಂತಿದ್ದಾಗ.

ಹೊಟ್ಟಿನ ಉರಿಯ ಮೇಲೆ ಮರಳು ಕಾದಿತ್ತು. ಉಪ್ಪುನೀರು ಹಿಡಿಸಿ ಒಣಗಿಸಿದ ಅಕ್ಕಿಯನ್ನು ಅದರೊಳಗೆ ಸುರಿದರೆ ಸಾಕು, ಚಟಚಟನೆ ಅರಳಿ ಬಾಣಲೆ ತುಂಬುತ್ತದೆ. ಅದೇ ಅಕ್ಕಿಯನ್ನು ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ದಿನವಿಡೀ ಹರವಿದರೂ ಒಂದು ಕಾಳೂ ಅರಳದು. ಬೆಳಕಿಗೂ ಲೋಹಕ್ಕೂ ಇರುವ ವ್ಯವಹಾರ ಸ್ವಲ್ಪ ಹೀಗೆಯೇ. ಸಾಮಾನ್ಯ ದೀಪದ ಕೆಂಪು ಬೆಳಕನ್ನು ಎಷ್ಟು ಹೊತ್ತು ಬಿಟ್ಟರೂ ತಾಮ್ರದಿಂದ ಎಲೆಕ್ಟ್ರಾನ್ ಹೊರಬೀಳುವುದಿಲ್ಲ. ನೇರಳಾತೀತ ಬೆಳಕಾದರೆ ಮಂದವಾಗಿದ್ದರೂ ಹಾರಿ ಬರುತ್ತದೆ. ಜರ್ಮನಿಯ ವಿಜ್ಞಾನಿ ಹರ್ಟ್ಸ್ 1887ರಲ್ಲಿ ಇದರ ಸುಳಿವು ಕಂಡರು. ಬೆಳಕು ಕಂತೆ ಕಂತೆಯಾಗಿ ಬರುತ್ತದೆ, ಕಂತೆಯ ಕಸುವು ಅದರ ಬಣ್ಣವನ್ನು ಅವಲಂಬಿಸಿದೆ ಎಂದು 1905ರಲ್ಲಿ ವಿವರಿಸಿದವರು ಐನ್‌ಸ್ಟೈನ್. ಅವರಿಗೆ 1921ರ ನೊಬೆಲ್ ಬಂದದ್ದು ಇದಕ್ಕೆ, ಸಾಪೇಕ್ಷತೆಗಲ್ಲ.

"ಅಂದರೆ ಮುಖ್ಯವಾದದ್ದು ಹದ, ಹೊತ್ತಲ್ಲ" ಎಂದರು ದೊಡ್ಡಪ್ಪ. ನಾನು ಪಾಠಪುಸ್ತಕದಲ್ಲಿ ಎರಡು ಪುಟ ಓದಿ ತಿಳಿದದ್ದು ಇಷ್ಟೇ.

ಹಾರಿ ಬಂದ ಎಲೆಕ್ಟ್ರಾನಿನ ವೇಗ ಮತ್ತು ದಿಕ್ಕನ್ನು ಅಳೆದರೆ ಅದು ವಸ್ತುವಿನೊಳಗೆ ಹೇಗೆ ಬಾಳುತ್ತಿತ್ತು ಎಂಬುದು ತಿಳಿಯುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕೆ ಕಾಲವೂ ಸೇರುತ್ತದೆ. ಲೇಸರಿನ ಮೊದಲ ಮಿಡಿತ ಎಲೆಕ್ಟ್ರಾನುಗಳನ್ನು ಕಲಕುತ್ತದೆ. ಸ್ವಲ್ಪ ತಡೆದು ಬರುವ ಎರಡನೆಯದು ಅವುಗಳಲ್ಲಿ ಕೆಲವನ್ನು ಹೊರಗೆ ಹಾರಿಸುತ್ತದೆ. ಆ 'ಸ್ವಲ್ಪ'ವನ್ನು ಎಣಿಸುವುದು ಫೆಮ್ಟೊಸೆಕೆಂಡುಗಳಲ್ಲಿ. ಒಂದು ಸೆಕೆಂಡಿನ ಮುಂದೆ ಫೆಮ್ಟೊಸೆಕೆಂಡ್ ಎಷ್ಟು ಚಿಕ್ಕದೋ, 3 ಕೋಟಿ ವರ್ಷದ ಮುಂದೆ ಒಂದು ಸೆಕೆಂಡ್ ಹೆಚ್ಚುಕಡಿಮೆ ಅಷ್ಟೇ ಚಿಕ್ಕದು. ಇದನ್ನು ಅಳೆಯುವ ಗಡಿಯಾರ ಎಲ್ಲಿಂದ ತರುವುದು? ಬೇಕಾಗಿಲ್ಲ. ಒಂದು ಕನ್ನಡಿಯನ್ನು 0.15 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಹಿಂದೆ ಸರಿಸಿದರೆ ಬೆಳಕು ಹೋಗಿಬರುವ ದಾರಿ 0.3 ಮೈಕ್ರಾನ್ ಉದ್ದವಾಗುತ್ತದೆ, ಮಿಡಿತ ಒಂದು ಫೆಮ್ಟೊಸೆಕೆಂಡ್ ತಡವಾಗುತ್ತದೆ. ನನಗೆ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಈ ಸರಳ ಉಪಾಯ.

ಎರಡನೆಯ ಮಿಡಿತವನ್ನು ಆರ್ಗಾನ್ ಅನಿಲಕ್ಕೆ ಪ್ರಬಲ ಲೇಸರ್ ಹಾಯಿಸಿ ತಯಾರಿಸುತ್ತೇವೆ. ಅನಿಲದಿಂದ ಹೀಗೆ ಮೇಲುಸ್ವರಗಳಂತೆ ಹೊಮ್ಮುವ ಬೆಳಕನ್ನು 1980ರ ದಶಕದಿಂದಲೇ ಅಧ್ಯಯನ ಮಾಡಿದವರು ಆನ್ ಲುಲಿಯೆ, ಈಗ ಇದೇ ಊರಿನ ವಿಶ್ವವಿದ್ಯಾಲಯದವರು. 2023ರಲ್ಲಿ ಅವರಿಗೆ ನೊಬೆಲ್ ಬಂದ ಕರೆ ಪಾಠದ ನಡುವೆ ಬಂದಿತ್ತು. ಅವರು ಮತ್ತೆ ತರಗತಿಗೆ ಹೋಗಿ ಪಾಠ ಮುಗಿಸಿದರು.

ಇಷ್ಟು ಕೇಳಿದವರಿಗೆ ನಮ್ಮ ದಿನಗಳೂ ಮಿಂಚಿನ ವೇಗದಲ್ಲಿ ಓಡುತ್ತವೆ ಎನ್ನಿಸಬಹುದು. ಇಲ್ಲ. ಫೆಮ್ಟೊಸೆಕೆಂಡಿಗಾಗಿ ನಾನು ವಾರಗಟ್ಟಲೆ ಕಾಯುತ್ತೇನೆ. ಮಾದರಿ, ಅಂದರೆ ಅಳೆಯಬೇಕಾದ ವಸ್ತುವಿನ ತುಣುಕು, ಇರುವ ಉಕ್ಕಿನ ಪಾತ್ರೆಯ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು ಇರಬೇಕು, ಇಲ್ಲವಾದರೆ ಮಾದರಿಯ ಮೈ ಕೂಡಲೇ ಮಲಿನವಾಗುತ್ತದೆ. ಕಳೆದ ನವೆಂಬರಿನಲ್ಲಿ ನನ್ನ ಕೈತಪ್ಪಿನಿಂದ ಒಂದು ಮಾದರಿ ಹಿಡಿಕೆಯಿಂದ ಜಾರಿ ಪಾತ್ರೆಯ ತಳಕ್ಕೆ ಬಿತ್ತು. ತೆಗೆಯಲು ಪಾತ್ರೆ ತೆರೆಯಲೇಬೇಕಾಯಿತು. ತೆರೆದದ್ದು ಅರ್ಧ ಗಂಟೆ, ಅಷ್ಟರಲ್ಲಿ ಗೋಡೆಗಳಿಗೆ ತೇವ ಅಂಟಿತು. ಅದನ್ನು ಓಡಿಸಲು ಇಡೀ ಯಂತ್ರಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ನೂರು ಡಿಗ್ರಿಗೂ ಮೇಲೆ ಕಾಯಿಸಿ, ದಿನಗಟ್ಟಲೆ ಪಂಪು ಓಡಿಸಬೇಕು. ಹೊರಗೆ ನಾಲ್ಕು ಗಂಟೆಗೇ ಕತ್ತಲು. ಮನೆಯಲ್ಲಿ ಊರಿನಿಂದ ತಂದ ಮಂಡಕ್ಕಿಯ ಡಬ್ಬಿಯ ಮುಚ್ಚಳ ಸಡಿಲವಾಗಿ ಅದೂ ಮೆತ್ತಗಾಗಿತ್ತು. ಎರಡಕ್ಕೂ ಶತ್ರು ಒಂದೇ.

ಕೊನೆಗೆ ಅಳತೆ ಶುರುವಾದ ಮೇಲೂ ಅವಸರ ಸಲ್ಲದು. ಒಂದು ಮಿಡಿತಕ್ಕೆ ತುಂಬ ಎಲೆಕ್ಟ್ರಾನ್ ಹಾರಿಸಿದರೆ ಅವು ಒಂದನ್ನೊಂದು ತಳ್ಳಾಡಿ, ಹಬ್ಬದ ಮುನ್ನಾದಿನ ಬಸ್ ನಿಲ್ದಾಣದಲ್ಲಿ ಆಗುವಂತೆ, ಯಾವುದು ಎಲ್ಲಿಂದ ಹೊರಟಿತೆಂಬುದೇ ಕಲಸಿಹೋಗುತ್ತದೆ. ಹಾಗಾಗಿ ಸ್ವಲ್ಪಸ್ವಲ್ಪವೇ ಹಾರಿಸಿ, ಅದನ್ನೇ ಕೋಟಿಗಟ್ಟಲೆ ಬಾರಿ ಮಾಡಿ, ಚಿತ್ರ ಕೂಡಿಸಬೇಕು. ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನಿನಲ್ಲಿ ಮೊದಲ ಬಾರಿ ಆ ಚಿತ್ರ ಮೂಡಿದಾಗ ರಾತ್ರಿ ಎರಡು ಗಂಟೆ. ಕಲಕಿದ ಎಲೆಕ್ಟ್ರಾನುಗಳು ಹತ್ತಾರು ಫೆಮ್ಟೊಸೆಕೆಂಡುಗಳಲ್ಲಿ ತಮ್ಮೊಳಗೇ ಶಕ್ತಿ ಹಂಚಿಕೊಂಡವು. ಆಮೇಲೆ ನೂರಾರು ಫೆಮ್ಟೊಸೆಕೆಂಡುಗಳಲ್ಲಿ ಅದನ್ನು ಇಂಗಾಲದ ಜಾಲರಿಯ ಕಂಪನಕ್ಕೆ ದಾಟಿಸಿ ತಣ್ಣಗಾಗತೊಡಗಿದವು. ನನಗಿಂತ ಮೊದಲು ಹಲವರು ಕಂಡದ್ದೇ, ಆದರೂ ನಾನು ಎದ್ದು ಕಾರಿಡಾರಿನಲ್ಲಿ ಸುಮ್ಮನೆ ಎರಡು ಸುತ್ತು ನಡೆದೆ.

ಭಟ್ಟಿಯ ಬಳಿ ಇದನ್ನೆಲ್ಲ ಹೇಳುವಷ್ಟರಲ್ಲಿ ದೊಡ್ಡಪ್ಪ ಮಾತು ತಡೆದು ಕಿವಿಗೊಟ್ಟರು. ಸದ್ದು ಇಳಿಯುತ್ತಿತ್ತು. ಕಣ್ಣು ಹಾಯಿಸದೆಯೇ ಜರಡಿಗೆ ಕೈಹಾಕಿ, ಮರಳಿನಿಂದ ಮಂಡಕ್ಕಿ ಬೇರೆ ಮಾಡಿ, ನನ್ನತ್ತ ತಿರುಗಿ ಕೇಳಿದರು: "ಅದು ಸರಿ, ದಿನಕ್ಕೆ ಎಷ್ಟು ಸೇರು ಹಾರಿಸುತ್ತೀರಿ?"