ಎಡಿನ್‌ಬರೋದಲ್ಲಿ ಬಾಣಂತನ: ಮಗುವಿನ ಬಗ್ಗೆ ಅಲ್ಲದ ಹತ್ತು ಪ್ರಶ್ನೆ

ಸ್ಕಾಟ್ಲೆಂಡಿನಲ್ಲಿ ಹೆರಿಗೆಯಾದವರನ್ನು ಆಸ್ಪತ್ರೆಯಲ್ಲಿ ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ. ಆಮೇಲೆ ಆರೋಗ್ಯ ಸಿಬ್ಬಂದಿಯೇ ಮನೆಗೆ ಬರುತ್ತಾರೆ. ಮೊದಲು ಹೆರಿಗೆ ನೋಡಿಕೊಳ್ಳುವ ಮಿಡ್‌ವೈಫ್, ಎರಡು ವಾರದ ಹೊತ್ತಿಗೆ ಹೆಲ್ತ್ ವಿಸಿಟರ್. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಮನೆಮನೆಗೆ ಹೋಗುವವರು, ಆದರೆ ನರ್ಸಿಂಗ್ ಓದಿದವರು. ಮಗುವಿನ ತೂಕ ನೋಡಿ ಕೆಂಪು ಪುಸ್ತಕದಲ್ಲಿ ಬರೆದ ಮೇಲೆ ತಾಯಿಯ ಕಡೆ ತಿರುಗುತ್ತಾರೆ.

ನನ್ನ ಬಾಣಂತನಕ್ಕೆ ಅಮ್ಮ ತುಮಕೂರಿನಿಂದ ಬಂದಿದ್ದರು. ಸೂಟ್‌ಕೇಸ್ ತುಂಬ ಅಂಟು, ಒಣಕೊಬ್ಬರಿ, ಲೇಹ್ಯ, ಕೊಬ್ಬರಿ ಎಣ್ಣೆ. ದಿನವೂ ಎಣ್ಣೆ ನೀರು, ಕಿವಿಗೆ ಹತ್ತಿ, ಬಿಸಿ ಅನ್ನಕ್ಕೆ ತುಪ್ಪ, ಮೆಣಸಿನ ಸಾರು. ಮೈಗೆ ಏನೂ ಕಮ್ಮಿಯಿರಲಿಲ್ಲ. ಆದರೆ ಮಗು ಮಲಗಿದಾಗಲೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಅದು ಅತ್ತರೆ ಎದೆ ಧಸಕ್ಕೆನ್ನುತ್ತಿತ್ತು, ಎತ್ತಿಕೊಳ್ಳೋಣ ಎಂದರೆ ಕೈ ಮುಂದೆ ಬರುತ್ತಿರಲಿಲ್ಲ. ಊರಿಂದ ವಿಡಿಯೋ ಕಾಲ್ ಮಾಡಿದವರೆಲ್ಲ ಹೇಳುತ್ತಿದ್ದುದು ಒಂದೇ: ‘ಎಷ್ಟು ಲಕ್ಷಣವಾಗಿದೆ ಮಗು, ಇನ್ನೇನು ಬೇಕಮ್ಮ ನಿಂಗೆ?’ ಆ ಮಾತಿಗೆ ಯಾವ ಬಾಣಂತಿ ತಾನೆ ಉತ್ತರ ಕೊಟ್ಟಾಳು? ಕಣ್ಣಲ್ಲಿ ನೀರು ಬಂದರೆ ಅಮ್ಮ, ‘ಬಾಣಂತಿ ಅಳಬಾರದು, ಹಾಲು ಬತ್ತುತ್ತೆ’ ಅನ್ನುತ್ತಿದ್ದರು.

ಮುಂದಿನ ಭೇಟಿಯಲ್ಲಿ ಹೆಲ್ತ್ ವಿಸಿಟರ್ ಮಗುವನ್ನು ಅಮ್ಮನ ಕೈಗೆ ಕೊಟ್ಟು, ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಬಾಣಂತಿಯರ ಖಿನ್ನತೆ ಗುರುತಿಸಲು ಬಳಸುವ ಒಂದು ಹಾಳೆ ಕೊಟ್ಟರು. ಹತ್ತು ಪ್ರಶ್ನೆ, ಎಲ್ಲವೂ ಕಳೆದ ಏಳು ದಿನದ ಬಗ್ಗೆ. ಮೊದಲಿನಂತೆ ನಗು ಬರುತ್ತಿದೆಯೇ, ಸುಮ್ಮಸುಮ್ಮನೆ ನಿಮ್ಮನ್ನೇ ಬೈದುಕೊಳ್ಳುತ್ತೀರಾ, ದುಃಖಕ್ಕೆ ನಿದ್ದೆ ಕೆಟ್ಟಿದೆಯೇ. ಕಟ್ಟಕಡೆಯದು, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಮಗುವಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಅರ್ಧಕ್ಕೇ ನನಗೆ ಅಳು ಬಂತು. ಆಕೆ ಸಮಾಧಾನ ಹೇಳಲಿಲ್ಲ, ಗಡಿಯಾರ ನೋಡಲಿಲ್ಲ. ಮುಗಿಯುವವರೆಗೂ ಪಕ್ಕದಲ್ಲಿ ಕೂತಿದ್ದರು.

ಆ ಹಾಳೆ ಹುಟ್ಟಿದ್ದೂ ಈ ಕಡೆಯಲ್ಲೇ. 1987ರಲ್ಲಿ ಮನೋವೈದ್ಯ ಜಾನ್ ಕಾಕ್ಸ್ ಮತ್ತು ಸಂಗಡಿಗರು ಎಡಿನ್‌ಬರೋ, ಲಿವಿಂಗ್‌ಸ್ಟನ್‌ನ ತಾಯಂದಿರ ನಡುವೆ ಕೆಲಸ ಮಾಡಿ ಪ್ರಕಟಿಸಿದ್ದು. ಒಟ್ಟು 30 ಅಂಕ. ಹೆಚ್ಚು ಬಂದ ಮಾತ್ರಕ್ಕೆ ಕಾಯಿಲೆ ಎಂದು ತೀರ್ಮಾನಿಸುವುದಿಲ್ಲ, ವೈದ್ಯರು ಕೂತು ಮಾತಾಡುತ್ತಾರೆ. ಕನ್ನಡದಲ್ಲೂ ಇದು ಇದೆ.

ನನಗೆ ಕೌನ್ಸೆಲಿಂಗ್ ಜೊತೆಗೆ ಖಿನ್ನತೆಗೆ ಕೊಡುವ ಸರ್ಟ್ರಲಿನ್ ಮಾತ್ರೆ ಕೊಟ್ಟರು. ಅದು ಹಾಲಿಗೆ ಇಳಿಯುವುದು ತೀರ ಕಡಿಮೆ, ಹಾಗಾಗಿ ಹಾಲುಣಿಸುವವರಿಗೆ ಸಾಮಾನ್ಯವಾಗಿ ಬರೆಯುವ ಮಾತ್ರೆ. ಗುಣ ಕಾಣಲು ಕೆಲವು ವಾರ ಬೇಕು. ಅಮ್ಮ ಮೊದಲು, ‘ನಿಮ್ಮತ್ತೆಗೆ ಗೊತ್ತಾದ್ರೆ?’ ಎಂದು ಹೆದರಿದರು. ನಿದ್ದೆಯೂ ಔಷಧಿಯೇ ಎಂದು ಡಾಕ್ಟರ್ ಹೇಳಿದ ಮೇಲೆ, ಹಿಂಡಿಟ್ಟ ಹಾಲು ಹಿಡಿದು ನಡುರಾತ್ರಿಯ ಪಾಳಿ ತಾವೇ ವಹಿಸಿಕೊಂಡರು.

ಇಷ್ಟೆಲ್ಲ ಅನುಕೂಲವಿರುವ ಊರಿನಲ್ಲೂ ನಮ್ಮವರು ಬಾಯಿ ಬಿಡುವುದಿಲ್ಲ. ನಿಜ ಹೇಳಿದರೆ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸೋಷಿಯಲ್ ಸರ್ವಿಸ್‌ನವರು ಮಗುವನ್ನು ಕಿತ್ತುಕೊಂಡು ಹೋಗುತ್ತಾರೆ ಎಂಬ ಭಯ. ಯುಗಾದಿ ಕೂಟದಲ್ಲಿ ಗುಸುಗುಸು ಶುರುವಾಗುತ್ತದೆ ಎಂಬ ಅಳುಕು. ಗಂಡನೇ ದುಭಾಷಿಯಾಗಿ ಪಕ್ಕದಲ್ಲಿ ಕೂತಿದ್ದರೆ ಹೇಳುವುದಾದರೂ ಹೇಗೆ? ಒಬ್ಬ ಗೆಳತಿ ಹತ್ತಕ್ಕೆ ಹತ್ತೂ ‘ಚೆನ್ನಾಗಿದ್ದೇನೆ’ ಎಂದೇ ಗುರುತು ಹಾಕಿ ಕಳಿಸಿದ್ದಳು. ನಿಜಕ್ಕೂ ಕಾಯಿಲೆ ಜೋರಾದರೆ ಇಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ಘಟಕಗಳಿವೆ, ಒಂದು ಲಿವಿಂಗ್‌ಸ್ಟನ್‌ನಲ್ಲಿ, ಇನ್ನೊಂದು ಗ್ಲಾಸ್ಗೋದಲ್ಲಿ. ಅಂಥದ್ದೇ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ 2009ರಿಂದ ಇದೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು ಎನ್ನುತ್ತದೆ. ಇದನ್ನು ಬಸುರಿಯರಿಗೆ ಮೊದಲೇ ಯಾರಾದರೂ ಹೇಳಬೇಕು.

ಊರಲ್ಲಿರುವವರು ಇದನ್ನು ಹೊರದೇಶದ ಒಂಟಿತನದ ಕಾಯಿಲೆ ಎಂದುಕೊಳ್ಳಬೇಡಿ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆತ್ತ ನೂರರಲ್ಲಿ ಸುಮಾರು 22 ತಾಯಂದಿರಲ್ಲಿ ಖಿನ್ನತೆ ಕಂಡಿದೆ. ಹೆರಿಗೆಯಾದ ಮೂರ್ನಾಲ್ಕನೇ ದಿನ ಅಳು ಬರುವುದು ಸಹಜ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಇಲ್ಲದ ದನಿ ಕೇಳುವುದು, ವಿಪರೀತ ಅನುಮಾನ, ಸಂಬಂಧವಿಲ್ಲದ ಮಾತು ಕಂಡರೆ ಅದು ಬೇರೆಯೇ, ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಬಾಣಂತಿ ಸನ್ನಿ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತ ಕೂರದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಬಾಣಂತಿಯನ್ನು ನೋಡಲು ಹೋದಾಗ ಮಗು ನೋಡಿದ ಮೇಲೆ ಅವಳ ಹತ್ತಿರ ಹತ್ತು ನಿಮಿಷ ಒಬ್ಬರೇ ಕೂತು, ನಿದ್ದೆ ಬರ್ತಿದೆಯಾ ಎಂದು ಕೇಳಿ. ಏನು ಮಾಡಬೇಕೋ ತೋಚದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವಳೇ ಮಾಡಬೇಕೆಂದಿಲ್ಲ, ಗಂಡನೋ ಅತ್ತೆಯೋ ಮಾಡಿದರೂ ಆಯಿತು.