ಏಳು ಮೊದಲೋ, ಎಂಟು ಮೊದಲೋ

ಪೊಲೀಸ್ ಇಲಾಖೆಯಲ್ಲಿ ಖಾಕಿ ಹಾಕದೆ ಕೆಲಸ ಮಾಡುವವರೂ ಇದ್ದಾರೆ. ನಾನು ಅಂಥವನು. ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಬಸ್ಸಿನಲ್ಲಿ ಯಾರಾದರೂ ಎಲ್ಲಿ ಕೆಲಸ ಅಂತ ಕೇಳಿ, ನಾನು ಎಸ್ಪಿ ಆಫೀಸು ಅಂದರೆ ಸ್ವಲ್ಪ ಸರಿದು ಜಾಗ ಬಿಡುತ್ತಿದ್ದರು. ಕ್ಲರ್ಕ್ ಅಂದ ಕೂಡಲೇ ಮತ್ತೆ ಮೊದಲಿನ ಹಾಗೇ ಅಗಲವಾಗಿ ಕೂರುತ್ತಿದ್ದರು.

ಮನೆ ಹುಬ್ಬಳ್ಳಿಯ ಗೋಕುಲ ರೋಡ್ ಕಡೆ. ಗದಗ, ಹಾವೇರಿ ಎರಡೂ ಕಡೆ ದಿನಾ ಬಸ್ಸಿನಲ್ಲಿ ಓಡಾಡಿ ಕೆಲಸ ಮಾಡಿದ್ದೇನೆ. ಈಗ ಹೇಳುವುದು ಯಾವ ಊರಿನಲ್ಲಿ ನಡೆದದ್ದು ಅಂತ ಮಾತ್ರ ಕೇಳಬೇಡಿ. ತಪ್ಪು ನನ್ನದು, ಊರಿನದಲ್ಲ.

ನನ್ನ ಟೇಬಲ್ಲು ಸಿಬ್ಬಂದಿ ಶಾಖೆಯದು. ವರ್ಗಾವಣೆ, ಮುಂಬಡ್ತಿ, ಇನ್‌ಕ್ರಿಮೆಂಟು, ಸರ್ವಿಸ್ ಬುಕ್ಕು, ಎಲ್ಲ ಅಲ್ಲೇ. ಇಡೀ ಜಿಲ್ಲೆಯ ಪೊಲೀಸರ ಮಕ್ಕಳು ಮುಂದಿನ ಜೂನ್‌ನಲ್ಲಿ ಯಾವ ಶಾಲೆಗೆ ಹೋಗಬೇಕು ಅನ್ನುವುದು ನಮ್ಮ ಪಟ್ಟಿಯ ಒಂದು ಸಾಲಿನಲ್ಲಿ ಇರುತ್ತಿತ್ತು. ಹೊರಗಿನವರು ಪಟ್ಟಿಯಲ್ಲಿ ಹೆಸರು ನೋಡುತ್ತಾರೆ. ಒಳಗಿನವರು ಕೊನೆಯ ಕಾಲಂ ನೋಡುತ್ತಾರೆ. ಷರಾ. 'ಖಾಲಿ ಹುದ್ದೆಗೆ' ಅಂತಿದ್ದರೆ ನಿರಾಳ. 'ಕ್ರಮ ಸಂಖ್ಯೆ 14ರವರ ಜಾಗಕ್ಕೆ' ಅಂತಿದ್ದರೆ ಆ ಹದಿನಾಲ್ಕನೆಯವನು ಸುಮ್ನೆ ಕೂರುತ್ತಾನಾ ಅಂತ ಯೋಚನೆ. 'ಸ್ವಂತ ಕೋರಿಕೆ ಮೇರೆಗೆ' ಅಂತಿದ್ದರೆ ಪ್ರಯಾಣ ಭತ್ಯೆಯೂ ಇಲ್ಲ, ಜಾಯಿನಿಂಗ್ ಟೈಮೂ ಇಲ್ಲ, ಗಂಟುಮೂಟೆ ನೀನೇ ಹೊತ್ತುಕೊಂಡು ಹೋಗು ಅಂತ ಅರ್ಥ.

2023ರ ಮೇ. 10ಕ್ಕೆ ವಿಧಾನಸಭೆ ಮತದಾನ, 13ಕ್ಕೆ ಎಣಿಕೆ. ಅಲ್ಲಿಯವರೆಗೂ ನಮ್ಮ ಶಾಖೆಯಲ್ಲಿ ಬಡ್ತಿ ಕಡತ ಯಾರೂ ಮುಟ್ಟಿರಲಿಲ್ಲ, ಎಲ್ಲರೂ ಬಂದೋಬಸ್ತಿನ ಪಟ್ಟಿಯಲ್ಲೇ ಮುಳುಗಿದ್ದರು. ಎಣಿಕೆ ಮುಗಿದು ಉಸಿರು ಬಿಡುವಷ್ಟರಲ್ಲಿ ತಿಂಗಳ ಕೊನೆ ಬಂತು. ಮೇ 31 ಅಂದರೆ ನಮಗೆ ಹಬ್ಬವೂ ಹೌದು, ಹೆದರಿಕೆಯೂ ಹೌದು. ಹಳೇ ಕಾಲದ ಹೆಡ್ ಮಾಸ್ತರರು ಹುಡುಗರನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಹುಟ್ಟಿದ ದಿನ ಗೊತ್ತಿಲ್ಲ ಅಂದರೆ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಅರವತ್ತು ತುಂಬಿದ ತಿಂಗಳ ಕೊನೆಗೆ ನಿವೃತ್ತಿ, ಆದರೆ ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಗೇ. ಹಾಗಾಗಿ ಆ ಮಾಸ್ತರರ ಪುಣ್ಯದಿಂದ ಪ್ರತಿ ವರ್ಷ ಮೇ 31ಕ್ಕೆ ಶಾಲು, ಪೇಟ, ಹಣ್ಣಿನ ಬುಟ್ಟಿಗೆ ಎಲ್ಲಿಲ್ಲದ ಬೇಡಿಕೆ.

ಆ ವರ್ಷ ಹೊರಡುವವರಲ್ಲಿ ಒಬ್ಬರು ಹೆಡ್ ಕಾನ್‌ಸ್ಟೇಬಲ್ ಪಾಟೀಲರು. 1990ರಲ್ಲಿ ಸೇರಿದವರು. ಅವರ ಬ್ಯಾಚಿನವರು ಕೆಲವರು ಆಗಲೇ ಪಿಎಸ್‌ಐ ಆಗಿದ್ದರು. ಇವರು ಯಾಕೆ ಹಿಂದೆ ಬಿದ್ದರು ಅಂದರೆ ಅದೇ ಷರಾ. ಮೊದಲು ಬೇರೆ ಜಿಲ್ಲೆಯಲ್ಲಿದ್ದರು, ತಾಯಿಗೆ ಹುಷಾರಿಲ್ಲ ಅಂತ ಸ್ವಂತ ಕೋರಿಕೆ ಮೇಲೆ ಇಲ್ಲಿಗೆ ಬಂದರು. ಕಾನ್‌ಸ್ಟೇಬಲ್‌ಗಳ ಜ್ಯೇಷ್ಠತೆ ಜಿಲ್ಲೆಯ ಲೆಕ್ಕ. ಕೇಳಿಕೊಂಡು ಬಂದವನು ಹೊಸ ಜಿಲ್ಲೆಯ ಪಟ್ಟಿಯಲ್ಲಿ ಕಟ್ಟಕಡೆಗೆ. ಹತ್ತು ಹನ್ನೆರಡು ವರ್ಷದ ಸೀನಿಯಾರಿಟಿ ಹಳೇ ಜಿಲ್ಲೆಯಲ್ಲೇ ಬಿಟ್ಟು ಬಂದ ಹಾಗೆ.

ಅದರ ಮೇಲೆ ಪಟ್ಟಿಗಳ ಗೋಳು ಬೇರೆ. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಬಿ.ಕೆ. ಪವಿತ್ರ ಪ್ರಕರಣದಲ್ಲಿ ಬಡ್ತಿ ಮೀಸಲಾತಿಯ ತೀರ್ಪು ಕೊಟ್ಟು, ಇಲಾಖೆ ಇಲಾಖೆಗಳಲ್ಲಿ ಜ್ಯೇಷ್ಠತಾ ಪಟ್ಟಿ ತಿದ್ದಿ, ಸರ್ಕಾರ ಹೊಸ ಕಾಯ್ದೆ ತಂದು, ಅದನ್ನು 2019ರ ಮೇನಲ್ಲಿ ಅದೇ ಕೋರ್ಟು ಎತ್ತಿಹಿಡಿದು, ಪಟ್ಟಿ ಮತ್ತೆ ತಿರುಗಿ, ಅಷ್ಟೊತ್ತಿಗೆ ನಮ್ಮ ಕಣ್ಣು ಹೋಗಿ ಕನ್ನಡಕದ ನಂಬರ್ ಎರಡು ಸಲ ಬದಲಾಗಿತ್ತು. ಸರಿ ತಪ್ಪು ಕೋರ್ಟಿನದು. ಟೈಪು ನಮ್ಮದು.

ಅಂತೂ ಪಾಟೀಲರ ಸರದಿ ಬಂದಿತ್ತು. ಎಎಸ್‌ಐ ಬಡ್ತಿ ಪಟ್ಟಿ, ಒಂಬತ್ತು ಹೆಸರು, ಅವರದ್ದು ಎಂಟನೆಯದು. ದುಡ್ಡಿನ ಲೆಕ್ಕದಲ್ಲಿ ದೊಡ್ಡ ಲಾಭವೇನೂ ಇರಲಿಲ್ಲ, ಸಿಗಬೇಕಾದ ವಿಶೇಷ ಇನ್‌ಕ್ರಿಮೆಂಟುಗಳನ್ನೆಲ್ಲ ಪಡೆದಾಗಿತ್ತು. ಆದರೆ ತೋಳಿನ ಮೇಲಿನ ಮೂರು ಪಟ್ಟಿ ಹೋಗಿ ಹೆಗಲ ಮೇಲೆ ಒಂದು ಸ್ಟಾರ್ ಬರುತ್ತದಲ್ಲ, ಅದು ಬೇರೆಯೇ ಮಾತು. ನಿವೃತ್ತಿ ಫೋಟೋ ಮನೆಯ ಗೋಡೆ ಮೇಲೆ ಮೂವತ್ತು ವರ್ಷ ಇರುತ್ತದೆ. ಬಡ್ತಿ ಲೆಕ್ಕಕ್ಕೆ ಬರುವುದು ಹೊಸ ಹುದ್ದೆಗೆ ಹಾಜರಾದ ಮೇಲೆ. ಅಂದರೆ 31ರೊಳಗೆ ಆಗಲೇಬೇಕು.

29ರ ಸಂಜೆ ಕೂತು ಟೈಪ್ ಮಾಡಿದೆ. ನಮ್ಮ ಆಫೀಸಿನ ಹೊಸ ಹುಡುಗನೊಬ್ಬ ಎಕ್ಸೆಲ್ ಹಾಳೆ ಮಾಡಿಟ್ಟಿದ್ದ, ಮೆಟಲ್ ನಂಬರ್, ಅಂದರೆ ಪೊಲೀಸಿನವರ ಗುರುತಿನ ಸಂಖ್ಯೆ, ಹಾಕಿದರೆ ಹೆಸರು, ಈಗಿನ ಠಾಣೆ ತಾವೇ ಬಂದು ಕೂರುತ್ತಿದ್ದವು. ಭಾರೀ ಅನುಕೂಲ. ನಮ್ಮ ಪಾಟೀಲರ ನಂಬರ್ 1178. ನನ್ನ ಬೆರಳು ಹೊಡೆದದ್ದು 1187.

ಬೇರೆ ಯಾರದಾದರೂ ಹೆಸರು ಬಂದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಆದರೆ 1187 ಕೂಡ ಪಾಟೀಲ. ಇನಿಷಿಯಲ್ ಕೂಡ ಅದೇ. ನಮ್ಮ ಕಡೆ ಠಾಣೆಯಲ್ಲಿ ನಿಂತು ಪಾಟೀಲ ಅಂತ ಕೂಗಿದರೆ ಮೂರು ಮಂದಿ ತಿರುಗುತ್ತಾರೆ, ಅವರಲ್ಲಿ ಒಬ್ಬ ಆರೋಪಿ ಇರುತ್ತಾನೆ. ನಮ್ಮ ಶಾಖೆಯ ಸೂಪರಿಂಟೆಂಡೆಂಟ್ ಮೇಡಂ ಹೆಸರು ಓದಿದರು, ನಾನು ಹೂಂ ಅಂದೆ, ಟಿಕ್ ಬಿತ್ತು. ಸಹಿಯೂ ಆಯಿತು. ಠಾಣೆಯ ಕಾಲಂ ಯಾರೂ ನೋಡಲಿಲ್ಲ.

ಆರೂವರೆ ಬಸ್ಸು ಹಿಡಿದೆ. ಮೊದಲೆಲ್ಲ ಆದೇಶ ಅಂದರೆ ಸೈಕ್ಲೋಸ್ಟೈಲ್ ಮಾಡಿ, ಟಪಾಲಿಗೆ ಕೊಟ್ಟು, ತೀರಾ ತುರ್ತಿದ್ದರೆ ವೈರ್‌ಲೆಸ್‌ನಲ್ಲಿ ಓದಿ ಹೇಳುವುದು. ತಪ್ಪಾಗಿದ್ದರೆ ಹಿಡಿಯಲು ಒಂದು ರಾತ್ರಿ ಸಿಗುತ್ತಿತ್ತು. ಈಗ ಸಾಹೇಬರ ಸಹಿಯ ಶಾಯಿ ಒಣಗುವ ಮೊದಲೇ ಪಿಡಿಎಫ್ ವಾಟ್ಸಾಪಿನಲ್ಲಿ ಜಿಲ್ಲೆ ಸುತ್ತಿ ಬಂದಿರುತ್ತದೆ. ಯಾರು ಕಳಿಸುತ್ತಾರೆ ಅಂತ ನಮಗೆಲ್ಲ ಗೊತ್ತು. ಕೇಳಿದರೆ ಯಾರೂ ಅಲ್ಲ.

ಬಸ್ಸು ಅರ್ಧ ದಾರಿ ಬಂದಿರಬೇಕು, ಮೊಬೈಲು ಒಂದೇ ಸಮ ಕುಟ್ಟತೊಡಗಿತು. ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಸರ್. ಅದರಲ್ಲಿ ಒಂದು ಕೇಕ್ ಕತ್ತರಿಸುವ ಫೋಟೋ. ಪಾಟೀಲ. ಆದರೆ ಮುಖ ಬೇರೆ. ನಲವತ್ತೆಂಟೋ ಐವತ್ತೋ ವಯಸ್ಸಿನ ಮುಖ. ಹೆಂಡತಿ, ಇಬ್ಬರು ಮಕ್ಕಳು, ಪಕ್ಕದ ಮನೆಯವರು, ಎಲ್ಲರೂ ನಗುತ್ತಿದ್ದರು. 'ನಿಮ್ಮ ಋಣ ತೀರ್ಸಾಕ ಆಗೂದಿಲ್ರಿ ಸರ್' ಅಂತ ಕೆಳಗೆ.

ಪಿಡಿಎಫ್ ತೆಗೆದು ಕ್ರಮ ಸಂಖ್ಯೆ ಎಂಟನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಒಂದು, ಒಂದು, ಎಂಟು, ಏಳು. ಹೊಟ್ಟೆಯಲ್ಲಿ ತಣ್ಣಗಾಯಿತು. ಹುಬ್ಬಳ್ಳಿ ಹೊಸ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತು ಮೇಡಂಗೆ ಫೋನ್ ಮಾಡಿದೆ. ಒಂದು ನಿಮಿಷ ಅವರು ಮಾತೇ ಆಡಲಿಲ್ಲ. ಆಮೇಲೆ, "ನಾಳೆ ಎಂಟಕ್ಕ ಬರ್ರಿ. ಸಾಹೇಬ್ರಿಗೆ ನಾನ ಹೇಳ್ತೀನಿ. ಮೊದ್ಲ ಆ ಹಿರಿ ಪಾಟೀಲರಿಗೆ ಒಂದ್ ಮಾತು ಹೇಳ್ರಿ, ಪಾಪ" ಅಂದರು.

ಹಿರಿಯ ಪಾಟೀಲರು ನನಗೆ ಫೋನ್ ಮಾಡಿರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿದ್ದು. ನಾನೇ ಮಾಡಿದೆ. ಎತ್ತಿದರು, ಸೆಂಟ್ರಿ ಡ್ಯೂಟಿಯಲ್ಲಿದ್ದರು.

"ಲಿಸ್ಟ್ ನೋಡಿದ್ರೇನ್ರಿ?"

"ನೋಡಿದೆ ಬಿಡ್ರಿ. ನಮ್ಮ ಹೆಸರ ಐತಿ, ಆದ್ರ ನಾನಲ್ಲ."

"ಅದು ತಪ್ಪಾಗಿ..."

"ಮೂವತ್ಮೂರು ವರ್ಷ ಆತ್ರಿ, ಎರಡ ದಿನಕ್ಕ ಏನಂತ ಕೇಳೂದು ಅಂತ ಸುಮ್ನಾದೆ."

ನಂಬರ್ ತಿರುಗಿ ಬಿದ್ದಿದೆ, ನಾಳೆ ಸರಿಯಾಗುತ್ತದೆ, ಆದೇಶ ಬರುವವರೆಗೆ ಠಾಣೆ ಬಿಟ್ಟು ಎಲ್ಲೂ ಹೋಗಬೇಡಿ ಅಂದೆ. ಹೂಂ ಅಂದರು. ನಂಬಿದ ಹಾಗೆ ಕೇಳಿಸಲಿಲ್ಲ. ಕಿರಿಯ ಪಾಟೀಲನಿಗೆ ಮಾತ್ರ ಆ ರಾತ್ರಿ ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ. ಕೇಕಿನ ಫೋಟೋ ನೋಡಿದ ಮೇಲೆ ಹೇಗೆ ಮಾಡುವುದು? ಮಾಡಬೇಕಿತ್ತು. ಗೊತ್ತು.

ಬೆಳಿಗ್ಗೆ ಎಂಟಕ್ಕೆ ನುಡಿ ತಂತ್ರಾಂಶ ತೆರೆದು ತಿದ್ದೋಲೆ ಬರೆದೆ. 'ದಿನಾಂಕ 29-05-2023ರ ಆದೇಶದ ಕ್ರಮ ಸಂಖ್ಯೆ 8ರಲ್ಲಿ ಸಿಎಚ್‌ಸಿ 1187 ಎಂಬುದರ ಬದಲಾಗಿ ಸಿಎಚ್‌ಸಿ 1178 ಎಂದು ಓದಿಕೊಳ್ಳತಕ್ಕದ್ದು.' ಸಿಎಚ್‌ಸಿ ಅಂದರೆ ಸಿವಿಲ್ ಹೆಡ್ ಕಾನ್‌ಸ್ಟೇಬಲ್. ಕೆಳಗೆ ಠಾಣೆಗೂ ಅಂಥದ್ದೇ ಒಂದು ಸಾಲು. ಎಷ್ಟೋ ತಿದ್ದೋಲೆ ಬರೆದಿದ್ದೇನೆ, ಈ ಓದಿಕೊಳ್ಳತಕ್ಕದ್ದು ಅನ್ನುವ ಪದ ಅವತ್ತಿನಷ್ಟು ನಾಚಿಕೆಗೇಡು ಅಂತ ಯಾವತ್ತೂ ಅನ್ನಿಸಿರಲಿಲ್ಲ. ರಾತ್ರಿ ಕೇಕ್ ಕತ್ತರಿಸಿದವನು ಅದನ್ನು ಹೇಗೆ ಓದಿಕೊಳ್ಳಬೇಕು? ಎಸ್ಪಿ ಸಾಹೇಬರು ನನ್ನನ್ನು ಒಳಗೆ ಕರೆದರು, ಬೈದದ್ದು ಕಡಿಮೆ, ನೋಟಿಸ್ ಕೊಟ್ಟರು. ಅದು ನ್ಯಾಯವೇ.

ಒಂಬತ್ತೂಮುಕ್ಕಾಲಿಗೆ ಕಿರಿಯ ಪಾಟೀಲ ಬಂದ. ಇಸ್ತ್ರಿ ಮಾಡಿದ ಯೂನಿಫಾರ್ಮು, ಕೈಯಲ್ಲಿ ಒಂದು ಕಿಲೋ ಧಾರವಾಡ ಪೇಡಾದ ಡಬ್ಬಿ. ಡಬ್ಬಿ ಟೇಬಲ್ ಮೇಲಿಟ್ಟು ಸೆಲ್ಯೂಟ್ ಹೊಡೆದ, ಕ್ಲರ್ಕಿಗೆ! ಮೇಡಂ ಕೂರಿಸಿ ಹೇಳಿದರು. ಅವನು ನನ್ನ ಕಡೆ ನೋಡಲಿಲ್ಲ. ತಿದ್ದೋಲೆ ಕೈಗೆ ತೆಗೆದುಕೊಂಡು ಎರಡು ಸಲ ಓದಿದ.

"ಮನ್ಯಾಗ ಏನ್ ಹೇಳ್ಲಿ ಮೇಡಂ?"

ಮೇಡಂ ಹತ್ತಿರವೂ ಉತ್ತರ ಇರಲಿಲ್ಲ. ಈ 31ಕ್ಕೆ ಇಷ್ಟು ಹುದ್ದೆ ಖಾಲಿಯಾಗುತ್ತವೆ, ಮುಂದಿನ ಡಿಪಿಸಿಯಲ್ಲಿ, ಅಂದರೆ ಬಡ್ತಿ ಸಮಿತಿಯ ಸಭೆಯಲ್ಲಿ, ನಿನ್ನದು ಬಂದೇ ಬರುತ್ತದೆ ಅಂತ ಹೇಳಿದರು. ನಿಜವೇ ಅದು, ಆದರೆ ಆ ಹೊತ್ತಿಗೆ ಯಾರಿಗೆ ಬೇಕು? ಎದ್ದು ಹೋದ. ಪೇಡಾ ಡಬ್ಬಿ ಅಲ್ಲೇ ಉಳಿಯಿತು. ಯಾರೂ ಮುಟ್ಟಲಿಲ್ಲ. ಮಧ್ಯಾಹ್ನ ನೋಡಿದರೆ ದಾರದ ಮೇಲೆ ಸಾಲಾಗಿ ಇರುವೆ.

ಹಿರಿಯ ಪಾಟೀಲರು 30ರ ಮಧ್ಯಾಹ್ನವೇ ಎಎಸ್‌ಐ ಆಗಿ ಹಾಜರಾದರು. ಒಂದೂವರೆ ದಿನದ ಎಎಸ್‌ಐ. ಹೊಸ ಸ್ಟಾರ್ ತರಲು ಹುಬ್ಬಳ್ಳಿಗೆ ಹೋಗುವಷ್ಟು ಟೈಮ್ ಇರಲಿಲ್ಲ, ಯಾರೋ ಎಎಸ್‌ಐ ತಮ್ಮ ಹಳೇ ಜೋಡಿ ಕೊಟ್ಟರಂತೆ. 31ರಂದು ಬೀಳ್ಕೊಡುಗೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಫೋಟೋ ತೆಗೆಯುವಾಗ ಪಾಟೀಲರು ಶಾಲನ್ನು ಮತ್ತೆ ಮತ್ತೆ ಹಿಂದಕ್ಕೆ ಸರಿಸುತ್ತಿದ್ದರು. ಹೊದಿಸಿದವರು ಪ್ರೀತಿಯಿಂದ ಮುಂದಕ್ಕೆ ಎಳೆಯುತ್ತಿದ್ದರು. ಶಾಲು ಮುಂದಕ್ಕೆ ಬಂದರೆ ಸ್ಟಾರ್ ಮುಚ್ಚುತ್ತದೆ ಅಂತ ಹೊದಿಸಿದವರಿಗೆ ಹೊಳೆಯಲೇ ಇಲ್ಲ.

ಕಿರಿಯ ಪಾಟೀಲ ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಆಫೀಸಿಗೆ ಬಂದರೂ ಪಕ್ಕದ ಟೇಬಲ್ಲಿಗೆ ಕಾಗದ ಕೊಟ್ಟು ಹೋಗುತ್ತಿದ್ದ. ಆಗಸ್ಟ್‌ನಲ್ಲಿ ಮುಂದಿನ ಪಟ್ಟಿ ಹೊರಬಿತ್ತು. ಅವತ್ತು ಎಕ್ಸೆಲ್ ಮುಟ್ಟದೆ, ಜ್ಯೇಷ್ಠತಾ ಪಟ್ಟಿಯ ಮೇಲೆ ಸ್ಕೇಲ್ ಇಟ್ಟುಕೊಂಡು, ಒಂದೊಂದೇ ಸಾಲು ಕೈಯಿಂದ ಟೈಪ್ ಮಾಡಿದ್ದೆ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ನಮಸ್ಕಾರ ಇಲ್ಲ, ಏನಿಲ್ಲ.

"ನಂಬರ್ ಸರಿ ಐತೇನ್ರಿ ಈ ಸಲ?"

ಕನ್ನಡಕ ಹಾಕಿಕೊಂಡು ಪಿಡಿಎಫ್ ಹಿಗ್ಗಿಸಿದೆ.

"ಒಂದು, ಒಂದು, ಎಂಟು, ಏಳು" ಅಂದೆ.

"ಇನ್ನೊಮ್ಮೆ ಹೇಳ್ರಿ" ಅಂದ.