ಮಳೆಯಲ್ಲೂ ಓದಬಹುದಾದ ನಕ್ಷೆ

ಬೆಂಗಳೂರಿನ ಉತ್ತರಹಳ್ಳಿ ಕಡೆ ನಾವು ಕಟ್ಟುತ್ತಿದ್ದ ಅಪಾರ್ಟ್‌ಮೆಂಟ್‌ನಲ್ಲಿ ನಕ್ಷೆಗಳು ಎರಡು ಕಡೆ ಇರುತ್ತಿದ್ದವು. ಒಂದು ಸೆಟ್ ಕೆಳಗೆ, ತಗಡಿನ ಶೆಡ್‌ನ ಬೀರುವಿನಲ್ಲಿ, ಬೀಗ ಹಾಕಿ. ಇನ್ನೊಂದು ಮೇಲೆ, ಕೆಲಸ ನಡೆಯುವ ಮಹಡಿಯಲ್ಲಿ. ಬೀರುವಿನದು ಗರಿಗರಿಯಾಗಿ ಇರುತ್ತಿತ್ತು, ಯಾಕಂದ್ರೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮೇಲಿನದು ಒಂದು ವಾರ ಬಾಳಿದರೆ ಹೆಚ್ಚು. ಮಡಿಕೆಯಲ್ಲಿ ಹರಿದು, ಸಿಮೆಂಟ್ ಕೈ ತಾಗಿ, ಮೂಲೆಗಳು ಮುರುಟಿಕೊಂಡು ಹೋಗುತ್ತಿದ್ದವು. ಆದರೆ ಕಟ್ಟಡ ಏಳುತ್ತಿದ್ದದ್ದು ಆ ಮೇಲಿನ ಕಾಗದ ನೋಡಿಕೊಂಡೇ. ಇದರ ಬಗ್ಗೆ ನಾನು ಕೂತು ಯೋಚಿಸುವ ಹಾಗೆ ಮಾಡಿದ್ದು ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ.

ಬೆಂಗಳೂರಿನಲ್ಲಿ ಜಾಸ್ತಿ ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಬೆಳಿಗ್ಗೆ ಬಿಸಿಲು, ಊಟದ ಹೊತ್ತಿಗೆ ಮೋಡ, ಆಮೇಲೆ ಧೋ ಅಂತ ಮಳೆ. ಅವತ್ತು ಮೂರನೇ ಮಹಡಿಯ ಸ್ಲ್ಯಾಬ್‌ಗೆ ಕಂಬಿ ಕಟ್ಟುತ್ತಿದ್ದರು. ಮರುದಿನ ಬೆಳಿಗ್ಗೆ ಮೋಲ್ಡ್, ಅಂದರೆ ಸ್ಲ್ಯಾಬ್‌ಗೆ ಕಾಂಕ್ರೀಟ್ ಹಾಕುವುದು. ರೆಡಿಮಿಕ್ಸ್ ಗಾಡಿಗಳು ಬುಕ್ ಆಗಿದ್ದವು. ಅದೇ ವಾರ ಬಾಲ್ಕನಿಯ ಅಳತೆ ಬದಲಾಗಿ, ಸ್ಟ್ರಕ್ಚರಲ್ ಇಂಜಿನಿಯರ್ ಕಡೆಯಿಂದ ಹೊಸ ನಕ್ಷೆ ಬಂದಿತ್ತು. ಹಳೆಯದರಲ್ಲಿ 10 ಮಿ.ಮೀ. ಕಂಬಿ, 150 ಮಿ.ಮೀ. ಅಂತರ. ಹೊಸದರಲ್ಲಿ 12 ಮಿ.ಮೀ. ಕಂಬಿ, 125 ಅಂತರ. ಬಂದಿದ್ದ ಒಂದೇ ಪ್ರತಿ ನೇರ ಮಹಡಿಗೆ ಹೋಗಿತ್ತು. ಅಲ್ಲಿ ಪ್ಲೈವುಡ್ ತುಂಡಿಗೆ ಬೈಂಡಿಂಗ್ ವೈರ್‌ನಲ್ಲಿ ಕಟ್ಟಿ, ಕಾಲಮ್‌ಗೆ ಒರಗಿಸಿ ಇಟ್ಟಿದ್ದರು.

ಮಳೆ ಬಂತು. ಎಲ್ಲರೂ ಕೆಳಗಿನ ಮಹಡಿಗೆ ಓಡಿದರು. ನಿಂತ ಮೇಲೆ ಹೋಗಿ ನೋಡಿದರೆ ನಕ್ಷೆಯ ಮೇಲೆ ಗೆರೆಗಳ ಬದಲು ನೀಲಿ, ಕೆಂಪು ಬಣ್ಣದ ಹರಿವು. ಇಂಕ್‌ಜೆಟ್ ಪ್ಲಾಟರ್‌ನಲ್ಲಿ, ಅಂದರೆ ದೊಡ್ಡ ಹಾಳೆಯ ಪ್ರಿಂಟರ್‌ನಲ್ಲಿ, ತೆಗೆದ ಪ್ರಿಂಟ್ ಅದು. ಆ ಶಾಯಿ ನೀರಿನಲ್ಲಿ ಕರಗುವಂಥದ್ದು. ಬಲಗಡೆ ಕೆಳಮೂಲೆಯಲ್ಲಿ ಎಷ್ಟನೇ ತಿದ್ದುಪಡಿ ಅಂತ ಬರೆದಿರುವ ಚೌಕ ಇರುತ್ತಲ್ವಾ, ಅದು ಪೂರ್ತಿ ಅಳಿಸಿಹೋಗಿತ್ತು. ಕಂಬಿ ಕಟ್ಟಿಸುವ ಬಾರ್‌ಬೆಂಡರ್ ಮೇಸ್ತ್ರಿ ಯಾದಗಿರಿ ಕಡೆಯವರು. ಬಾಲ್ಕನಿಯ ಕಂಬಿಯ ಮೇಲೆ ಬೆರಳಿಟ್ಟು ಕೇಳಿದರು: ‘ಸರ್, ಇದು ಹತ್ತೋ, ಹನ್ನೆರಡೋ?’ ಕಾಗದದ ಮೇಲೆ 1 ಅನ್ನುವ ಅಂಕಿ ಕಾಣುತ್ತಿತ್ತು. ಅದರ ಪಕ್ಕದ ಅಂಕಿ ಬರೀ ಕಲೆ.

ಅವರು ಕೆಲಸ ನಿಲ್ಲಿಸಿ ಕೇಳಿದ್ದು ತುಂಬಾ ದೊಡ್ಡ ವಿಷಯ. ಬಾಲ್ಕನಿಗೆ ಒಂದೇ ಕಡೆ ಹಿಡಿತ. ಅದರ ಮೇಲೆ ಭಾರ ಬಿದ್ದಾಗ ಎಳೆತ ಬರುವುದು ಚಪ್ಪಡಿಯ ಮೇಲ್ಭಾಗದಲ್ಲಿ. ಹಾಗಾಗಿ ಮುಖ್ಯ ಕಂಬಿ ಮೇಲೇ ಇರಬೇಕು, ಒಳಗಿನ ಸ್ಲ್ಯಾಬ್‌ಗೆ ಸಾಕಷ್ಟು ಉದ್ದ ಹೋಗಿರಬೇಕು, ದಪ್ಪವೂ ಅಂತರವೂ ಲೆಕ್ಕದ ಪ್ರಕಾರ ಇರಬೇಕು. ಕಾಂಕ್ರೀಟ್ ಬಿದ್ದ ಮೇಲೆ ಒಳಗೆ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಮುಂದೆ ಅಲ್ಲಿ ಒಂದು ಕುಟುಂಬ ಕುರ್ಚಿ ಹಾಕಿಕೊಂಡು ಕೂರುತ್ತೆ.

ಬೀರು ತೆಗೆದು ನೋಡಿದೆವು. ಅಲ್ಲಿ ಹಳೆಯ ನಕ್ಷೆಯೇ ಇತ್ತು, ಒಣಗಿ ಚೆನ್ನಾಗಿ. ಮೊಬೈಲ್‌ನಲ್ಲಿ ಪಿಡಿಎಫ್ ಇತ್ತು ನಿಜ. ಆದರೆ ಎ1 ಹಾಳೆ ಅಂದರೆ 594 ಮಿ.ಮೀ. ಅಗಲ, 841 ಮಿ.ಮೀ. ಉದ್ದ. ಅದನ್ನು ಅಂಗೈ ಅಗಲದ ಪರದೆಯಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಬೇಕು. ಒದ್ದೆ ಬೆರಳಿಗೆ ಪರದೆ ಮಾತು ಕೇಳಲ್ಲ. ಕಂಬಿ ಕಟ್ಟುವವರು ಎಂಟು ಜನ, ಮೊಬೈಲ್ ಒಂದು. ಕೊನೆಗೆ ಇಂಜಿನಿಯರ್‌ಗೆ ಫೋನ್ ಮಾಡಿ ಖಚಿತ ಮಾಡಿಕೊಂಡು, ಬಾಲ್ಕನಿಯ ಭಾಗವನ್ನಷ್ಟೇ ಎ3 ಹಾಳೆಯಲ್ಲಿ ಲೇಸರ್ ಪ್ರಿಂಟ್ ತೆಗೆಸಿ ತಂದೆವು. ಕಟ್ಟಿದ್ದ ಒಂದು ಭಾಗ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಮೋಲ್ಡ್ ಒಂದು ದಿನ ಮುಂದೆ ಹೋಯಿತು.

ಆ ಮೇಲೆ ನಕ್ಷೆ ಕಾಪಾಡುವ ದಾರಿ ಹುಡುಕಿಕೊಂಡು ನಾನು ಅವೆನ್ಯೂ ರಸ್ತೆಯ ಅಂಗಡಿಗಳಲ್ಲೂ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲೂ ಸುತ್ತಿದೆ. ಕಾಗದ ಕಾಪಾಡುವುದು ಅಂದರೆ ಸುಮ್ನೆ ಪ್ಲಾಸ್ಟಿಕ್ ಕವರ್ ಹಾಕುವುದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅಷ್ಟು ಸುಲಭ ಇಲ್ಲ. ಲೇಸರ್ ಪ್ರಿಂಟ್ ನೀರಿಗೆ ಹರಡುವುದಿಲ್ಲ, ಯಾಕಂದ್ರೆ ಟೋನರ್ ಅನ್ನುವುದು ಬಿಸಿಗೆ ಕರಗಿ ಕಾಗದಕ್ಕೆ ಅಂಟಿಕೊಂಡ ಪ್ಲಾಸ್ಟಿಕ್ ಪುಡಿ. ಅದೇ ಹಾಳೆಯನ್ನು ಮೆತ್ತಗಿನ ಪಿವಿಸಿ ಕವರ್‌ನಲ್ಲಿಟ್ಟು ಬಿಸಿಲಲ್ಲಿ ಬಿಟ್ಟರೆ, ಕೆಲವು ದಿನಕ್ಕೆ ಅಕ್ಷರಗಳೆಲ್ಲ ಕವರ್‌ಗೇ ಅಂಟಿ ಬರುತ್ತವೆ. ಪಿವಿಸಿಯನ್ನು ಮೆತ್ತಗೆ ಮಾಡಲು ಹಾಕಿದ ರಾಸಾಯನಿಕ ಟೋನರನ್ನೂ ಮೆತ್ತಗೆ ಮಾಡುತ್ತೆ. ಪಾಲಿಪ್ರೊಪಿಲೀನ್ ಕವರ್‌ನಲ್ಲಿ ಈ ತೊಂದರೆ ಇಲ್ಲ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವೂ ಇಲ್ಲ.

ಲ್ಯಾಮಿನೇಷನ್ ಮಾಡಿಸುವಾಗ ಅಂಗಡಿಯವರು ಅಂದವಾಗಿ ಕಾಣಲಿ ಅಂತ ಕಾಗದದ ಅಂಚಿಗೇ ಕತ್ತರಿಸಿ ಕೊಡುತ್ತಾರೆ. ಹಾಗೆ ಮಾಡಿದರೆ ಕಾಗದದ ಅಂಚು ತೆರೆದುಕೊಂಡು, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ನೀರು ಎಳೆದುಕೊಳ್ಳುತ್ತೆ. ಸುತ್ತ ಅರ್ಧ ಸೆಂಟಿಮೀಟರ್ ಆದರೂ ಬರೀ ಫಿಲ್ಮ್ ಬಿಡಿ ಅಂತ ಕೇಳಿ ಮಾಡಿಸಬೇಕು. ನೇತು ಹಾಕುವ ತೂತೂ ಅಷ್ಟೇ. ಕಾಗದದ ಮೇಲೆ ತೂತು ಹೊಡೆದರೆ ಅಲ್ಲಿಂದಲೇ ನೀರು ಒಳಗೆ. ತೂತು ಬೇಕಿರುವ ಕಡೆ ಫಿಲ್ಮ್ ಇನ್ನೂ ಅಗಲವಾಗಿ ಬಿಡಿಸಿ, ಅದರಲ್ಲೇ ಹೊಡೆಸಬೇಕು.

ಪೆಟ್ಟಿಗೆ ವಿಚಾರಕ್ಕೆ ಬಂದರೆ, ಅಂಗಡಿಗಳಲ್ಲಿ ಐಪಿ 65 ಅಂತ ಬರೆದ ಡಬ್ಬಗಳು ಸಿಗುತ್ತವೆ. 6 ಅಂದರೆ ಧೂಳು ಒಳಗೆ ಹೋಗಲ್ಲ, 5 ಅಂದರೆ ಪೈಪ್‌ನಲ್ಲಿ ನೀರು ಹಾರಿಸಿದರೂ ತಡೆಯುತ್ತೆ. ಒಳ್ಳೆಯದೇ. ಆದರೆ ಗೋಡೆಗೆ ಕೂರಿಸಲು ಹಿಂಬದಿಗೆ ಡ್ರಿಲ್ ಹಾಕಿದ ಕ್ಷಣ ಆ ಗ್ಯಾರಂಟಿ ಮುಗಿಯಿತು. ಸ್ಕ್ರೂ ಹಾಕಲು ಹೊರಗಡೆ ಕಿವಿ ಇರುವ ಡಬ್ಬವೇ ಬೇಕು. ಇನ್ನೊಂದು ಇದಕ್ಕಿಂತ ಮುಖ್ಯ. ಸೈಟ್‌ನಲ್ಲಿ ದಿನಕ್ಕೆ ಹತ್ತಾರು ಸಲ ಬಾಗಿಲು ತೆಗೆಯುತ್ತಾರೆ, ಒದ್ದೆ ಗಾಳಿ ಒಳಗೆ ಹೋಗುತ್ತೆ. ರಾತ್ರಿ ತಣ್ಣಗಾದಾಗ ಆ ತೇವ ಒಳಗೋಡೆಯ ಮೇಲೆ ಹನಿಯಾಗಿ ಇಳಿಯುತ್ತೆ. ಪೂರ್ತಿ ಮುಚ್ಚಿದ ಡಬ್ಬದಲ್ಲಿ ಆ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ.

ಹಾಗಾಗಿ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಜಿಐ ತಗಡಿನ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿನ, ಪೆಟ್ಟಿಗೆ ಮಾಡಿಸಿದೆವು. ಇಳಿಜಾರು ಛಾವಣಿ. ಅದು ಬಾಗಿಲಿಗಿಂತ ಎರಡು ಇಂಚು ಮುಂದೆ ಚಾಚಿದೆ. ಬಾಗಿಲ ಸುತ್ತ ರಬ್ಬರ್ ಗ್ಯಾಸ್ಕೆಟ್. ತಳದಲ್ಲಿ ನೀರಿಳಿಯಲು ಸಣ್ಣ ತೂತುಗಳು, ಛಾವಣಿಯ ಅಂಚಿನ ಕೆಳಗೆ ಗಾಳಿಯಾಡಲು ಜಾಲರಿ. ಜಾಲರಿ ಇಲ್ಲದಿದ್ದರೆ ಹಲ್ಲಿ, ಇರುವೆ ಮನೆ ಮಾಡುತ್ತವೆ. ಹಸಿ ಗೋಡೆಗೆ ತಾಗದ ಹಾಗೆ ಹಿಂದೆ ಒಂದಿಂಚು ಜಾಗ. ಬಾಗಿಲ ಒಳಭಾಗಕ್ಕೆ ಹಲಗೆ ಕೂರಿಸಿದ್ದೇವೆ. ಬಾಗಿಲು ತೆಗೆದರೆ ಅವತ್ತಿನ ನಕ್ಷೆ ಕಣ್ಣೆದುರಿಗೆ. ಕಾಲಮ್‌ಗೆ ಕ್ಲ್ಯಾಂಪ್ ಹಾಕಿ ಬಿಗಿಯುವ ಹಾಗಿದೆ, ಮಹಡಿ ಏರಿದ ಹಾಗೆ ಪೆಟ್ಟಿಗೆಯೂ ಏರುತ್ತೆ. ಬೀಗ ಹಾಕಬೇಡಿ ಅಂತ ನಾನು ಹಟ ಹಿಡಿದೆ. ಕೀಲಿ ಇರುವವರು ಊಟಕ್ಕೆ ಹೋದಾಗ ಮೇಸ್ತ್ರಿ ಕಾಯಬೇಕಾದರೆ, ಆ ಕಾಗದ ಒಣಗಿದ್ದೂ ಏನು ಬಂತು?

ಗೇಟಿನ ಬೋರ್ಡ್ ಬೇರೆಯದೇ ಕಥೆ. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ, ಕೆಲಸ ನಡೆಯುವ ಅಷ್ಟೂ ಕಾಲ ಮಂಜೂರಾದ ನಕ್ಷೆಯ ಪ್ರತಿಯನ್ನು ಸೈಟ್‌ನಲ್ಲಿ ಪ್ರದರ್ಶಿಸಬೇಕು ಅಂತ ಹೇಳಿದೆ. ಇದು ನನಗೆ ತುಂಬಾ ಇಷ್ಟವಾದ ಮಾತು. ಪಕ್ಕದ ಮನೆಯವರಿಗೆ ಎಷ್ಟು ಮಹಡಿ ಬರುತ್ತೆ, ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ತಿಳಿಯುವ ಹಕ್ಕಿದೆ. ಆದರೆ ನಮ್ಮ ಊರಿನ ಎಷ್ಟೋ ಗೇಟುಗಳಲ್ಲಿ ಬೋರ್ಡ್ ಇರುತ್ತೆ, ಅಕ್ಷರ ಇರಲ್ಲ. ಬಿಸಿಲಿಗೆ ಮೊದಲು ಹಳದಿ, ಕೆಂಪು ಹೋಗುತ್ತವೆ. ಉಳಿಯುವುದು ಮಂಕು ನೀಲಿ. ಮುಖ್ಯ ವಿಷಯವನ್ನು ಕೆಂಪಿನಲ್ಲಿ ಬರೆಸುವ ಅಭ್ಯಾಸ ಇದೆಯಲ್ಲ, ಅದೇ ಮೊದಲು ಮಾಯವಾಗುತ್ತೆ. ನಾವು ಎಸಿಪಿ (ಅಲ್ಯೂಮಿನಿಯಂ ಪದರದ ಬೋರ್ಡ್) ಹಾಳೆಯ ಮೇಲೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಅದರ ಮೇಲೆ ಯುವಿ ತಡೆಯುವ ಫಿಲ್ಮ್ ಹಾಕಿಸಿದೆವು.

ಬೋರ್ಡ್ ಉತ್ತರಕ್ಕೆ ಮುಖ ಮಾಡಿದರೆ ಬಿಸಿಲೇ ಬೀಳಲ್ಲ ಅಂತ ಕಾಂಟ್ರ್ಯಾಕ್ಟರ್ ಒಬ್ಬರು ಹೇಳಿದರು. ಬೆಂಗಳೂರಿಗೆ ಅದು ಅರ್ಧ ಸತ್ಯ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಗೆ ಬರುತ್ತಾನೆ, ಶೂನ್ಯ ನೆರಳಿನ ದಿನ ಅಂತಾರಲ್ಲ, ಅದು. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಜೂನ್‌ನಿಂದ ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತೆ, ಅಕ್ಟೋಬರ್ ಮಳೆ ಪೂರ್ವದಿಂದಲೂ ಬರುತ್ತೆ. ಎಲ್ಲಾ ಲೆಕ್ಕ ಹಾಕಿದರೆ ಪೂರ್ತಿ ಸುರಕ್ಷಿತ ದಿಕ್ಕು ಅಂತ ಒಂದಿಲ್ಲ. ಮೇಲೊಂದು ಸಣ್ಣ ಚಜ್ಜ ಹಾಕಲೇಬೇಕು. ಹಾಕಿದೆವು.

ಅದೇ ಬೋರ್ಡ್‌ನ ಪಕ್ಕ, ಕೂಲಿಯವರು ದಿನಾ ಓಡಾಡುವ ಕಡೆ, ಇನ್ನೊಂದು ಚಿಕ್ಕದು ನಿಲ್ಲಿಸಿದ್ದೇವೆ. ಕನ್ನಡ, ಹಿಂದಿ ಎರಡರಲ್ಲೂ ಇದೆ. ಆಂಬುಲೆನ್ಸ್‌ಗೆ 108, ತುರ್ತಿಗೆ 112, ಅದರ ಕೆಳಗೆ ಸೈಟ್‌ನ ಪೂರ್ತಿ ವಿಳಾಸ, ಹತ್ತಿರದ ದೇವಸ್ಥಾನದ ಗುರುತು. ಬಿಹಾರದಿಂದಲೋ ರಾಯಚೂರಿನಿಂದಲೋ ಮೊನ್ನೆ ಬಂದವರಿಗೆ ತಾವು ಯಾವ ಅಡ್ಡರಸ್ತೆಯಲ್ಲಿದ್ದೇವೆ ಅಂತ ಗೊತ್ತಿರಲ್ಲ. ಫೋನ್ ಮಾಡಿದರೆ ಆ ಕಡೆಯಿಂದ ಮೊದಲು ಕೇಳುವುದೇ ಎಲ್ಲಿದ್ದೀರಿ ಅಂತ. ಇಂಥ ಬೋರ್ಡ್ ಎಲ್ಲಾ ಸೈಟ್‌ನಲ್ಲೂ ಇರಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಪೆಟ್ಟಿಗೆ ಬಂದ ಮೇಲೆ ಒಂದು ನಿಯಮವನ್ನೂ ಮಾಡಿಕೊಂಡೆವು. ಹೊಸ ತಿದ್ದುಪಡಿ ಬಂದರೆ ಮೂರು ಪ್ರತಿ: ಪೆಟ್ಟಿಗೆಗೆ, ಬೀರುವಿಗೆ, ಮೇಸ್ತ್ರಿ ಕೈಗೆ. ಹಳೆಯದನ್ನು ಅವರಿಂದ ವಾಪಸ್ ಪಡೆದು, ಅಡ್ಡಗೆರೆ ಎಳೆದು, ರಿಜಿಸ್ಟರ್‌ನಲ್ಲಿ ಸಹಿ. ಸಹಿಗೆ ಬಾಲ್‌ಪೆನ್ ಮಾತ್ರ, ಎಷ್ಟೋ ಜೆಲ್ ಪೆನ್‌ಗಳ ಶಾಯಿ ನೀರಿಗೆ ಹರಡುತ್ತೆ. ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸಲು ಎರಕ ಹೊಯ್ದ ಘನಗಳ ಲೆಕ್ಕ ಬರೆಯುವ ಕ್ಯೂಬ್ ರಿಜಿಸ್ಟರ್ ಕೂಡ ಈಗ ಅದೇ ಪೆಟ್ಟಿಗೆಯ ಕೆಳಗಿನ ಅರೆಯಲ್ಲಿದೆ. ಮೊದಲು ಅದು ಆ ಘನಗಳನ್ನು ನೀರಿನಲ್ಲಿ ಮುಳುಗಿಸಿಡುವ ಕ್ಯೂರಿಂಗ್ ತೊಟ್ಟಿಯ ಪಕ್ಕದ ಸ್ಟೂಲ್ ಮೇಲೆ ಬಿದ್ದಿರುತ್ತಿತ್ತು. ಕಾಂಕ್ರೀಟ್ ಹಾಕಿದ 28ನೇ ದಿನದ ಫಲಿತಾಂಶ ಬರುವ ಹೊತ್ತಿಗೆ, ಹಾಕಿದ ದಿನದ ಪುಟ ಓದಲು ಬರಬೇಕಲ್ವಾ.